ಜಪಾನಿನ ತಿಮಿರನೃತ್ಯ

ಜಪಾನ್ ದೇಶದ ‘ಅಂಕೋಕು ಬುತೋ’ ಎಂಬ ನೃತ್ಯಪ್ರಕಾರವು 1945ರಲ್ಲಿ ಹಿರೋಷಿಮಾ ನಾಗಸಾಕಿಗಳನ್ನು ಸುಟ್ಟ ಅಣ್ವಸ್ತ್ರದ ಬೂದಿಯಿಂದ ಹುಟ್ಟಿತೆಂದು ಹೇಳುವ ರೂಢಿ ಬೆಳೆದಿದೆ. ಮೈಗೆ ಬಳಿದ ಬಿಳಿಯ ಬಣ್ಣವನ್ನೂ ಸೊಟ್ಟಗಾದ ಅವಯವಗಳನ್ನೂ ಕಂಡವರಿಗೆ ಈ ವಾದವು ರುಚಿಸತಕ್ಕದ್ದೇ. ಆದರೆ ಯುದ್ಧದ ದುಃಖವು ಸಮಸ್ತ ಜಪಾನೀಯರಿಗೂ ಸಾಧಾರಣವಾಗಿದ್ದಿತು. ಸಾಧಾರಣವಾದ ಕಾರಣದಿಂದ ಅಸಾಧಾರಣವಾದ ಕಾರ್ಯವನ್ನು ಸಾಧಿಸಲಾಗದು.

‘ಅಂಕೋಕು’ ಎಂದರೆ ಗಾಢಾಂಧಕಾರ; ‘ಬು’ ಎಂದರೆ ಕುಣಿತ, ‘ತೋ’ ಎಂದರೆ ತುಳಿತ. ಪ್ರವರ್ತಕನಾದ ಹಿಜಿಕಾತ ತತ್ಸುಮಿಯು (1928–1986) ಈಶಾನ್ಯ ಜಪಾನಿನ ಅಕಿತ ಪ್ರಾಂತದವನು. ಆ ಶೀತಪ್ರದೇಶದ ಗದ್ದೆಗಳ ಬಳಿ ಹುಲ್ಲಿನ ಬುಟ್ಟಿಗಳಲ್ಲಿ ಇಟ್ಟುಹೋಗುತ್ತಿದ್ದ ಹಸುಳೆಗಳು ಕಾಲನ್ನು ನೀಡಲಾರದೆ ಇರುತ್ತಿದ್ದುದನ್ನು ಆತನೇ ಹೇಳಿಕೊಂಡಿದ್ದಾನೆ. ಯೂರೋಪಿನ ಬ್ಯಾಲೆಯಲ್ಲಿ ದೇಹವು ಮೇಲಕ್ಕೆ ಹಾರಲೆಳಸುವುದು; ಈತನ ನರ್ತಕನಾದರೋ ಸೊಂಟವನ್ನು ತಗ್ಗಿಸಿ, ಮೊಣಕಾಲನ್ನು ಬಾಗಿಸಿ, ಕೆಸರಿನಲ್ಲಿ ಹೂತವನಂತೆ ಚಲಿಸುವನು. ಹೀಗೆಂದು ಇದನ್ನು ಶುದ್ಧದೇಶ್ಯವೆನ್ನುವುದೂ ಸಲ್ಲದು. ಹಿಜಿಕಾತನು ಮೊದಲು ಕಲಿತದ್ದು ಜರ್ಮನ್ ಸಂಪ್ರದಾಯದ ನವೀನನೃತ್ಯ. 1959ರಲ್ಲಿ ಟೋಕಿಯೋ ನಗರದಲ್ಲಿ ಆತನು ಪ್ರದರ್ಶಿಸಿದ ‘ಕಿಂಜಿಕಿ’ಯ ಹೆಸರು ಮಿಷಿಮನ ಕಾದಂಬರಿಯದು, ಅದರ ಹಿಂದಿನ ಪ್ರೇರಣೆಯಲ್ಲಿ ಫ್ರೆಂಚ್ ಲೇಖಕ ಜೆನೆಯ ಪಾಲೂ ಉಂಟು. ಒಬ್ಬ ತರುಣನೂ ಒಂದು ಕೋಳಿಯೂ ಇದ್ದ ಆ ಅಲ್ಪಕಾಲದ ಪ್ರಯೋಗವು ಸಭಿಕರಲ್ಲಿ ಜುಗುಪ್ಸೆಯನ್ನೆಬ್ಬಿಸಿತು.

ಇದು ನಿಯಮವಿಲ್ಲದ ಕುಣಿತವೆಂಬ ಇನ್ನೊಂದು ಭ್ರಮೆಯೂ ಉಂಟು. 1968ರಲ್ಲಿ ‘ದೇಹದ ದಂಗೆ’ಯೆಂದು ಸಾರಿದ ಹಿಜಿಕಾತನೇ, ಅನಂತರದ ವರ್ಷಗಳಲ್ಲಿ ಶಿಷ್ಯರ ಒಂದೊಂದು ಬೆರಳನ್ನೂ ಮಾತಿನಿಂದ ಬಂಧಿಸಿದನು. ಕೈಯ ಮೇಲೊಂದು ಕೀಟ ಹರಿಯುವುದು. ಬರಬರುತ್ತ ಕೀಟಗಳು ಹೆಚ್ಚಿ, ರೋಮಕೂಪಗಳಿಂದ ಒಳಹೊಕ್ಕು, ದೇಹವನ್ನು ತಿಂದು ಬರಿದುಮಾಡುವುವು. ಇಂತಹ ಪದಚಿತ್ರಗಳ ಸಂಗ್ರಹಕ್ಕೆ ‘ಬುತೋ-ಫು’ ಎಂದು ಹೆಸರು. ಭರತನ ಹಸ್ತಾಭಿನಯದಲ್ಲಿ ಕೈಯು ಅರ್ಥವನ್ನು ಪ್ರೇಕ್ಷಕನಿಗೆ ಮುಟ್ಟಿಸುವುದು. ಇಲ್ಲಿ ಶಬ್ದವು ನರ್ತಕನ ಒಳಗೇ ಉಳಿದು, ಅದರ ವಿಕಾರ ಮಾತ್ರ ಹೊರಗೆ ತೋರುವುದು. ಪ್ರೇಕ್ಷಕನು ನಡುಕವನ್ನು ಕಾಣುವನು, ಕೀಟವನ್ನು ಕಾಣನು. ವಿಭಾವವು ಮರೆಯಾಗಿರಲು ಅನುಭಾವವೊಂದರಿಂದ ರಸವು ನಿಷ್ಪನ್ನವಾಗುವುದು ಹೇಗೆ? ಆಕ್ಷೇಪವು ಪ್ರಬಲವಾದುದೇ. ಆದರೆ ನಾಟ್ಯವು ಅನುಕರಣವೆಂಬ ಶಂಕುಕನ ಮತವನ್ನು ಅಭಿನವಗುಪ್ತನು ಖಂಡಿಸಿರುವುದನ್ನು ಇಲ್ಲಿ ನೆನೆಯಬೇಕು. ನರ್ತಕನು ಕೀಟದಷ್ಟವಾದ ದೇಹವನ್ನು ಅನುಕರಿಸುವುದಿಲ್ಲ. ಅಷ್ಟು ಹೊತ್ತು ಆತನಿಗೆ ಬೇರೊಂದು ದೇಹವಿಲ್ಲ. ಸಹೃದಯನಿಗೆ ಅನುಭವವಾಗತಕ್ಕದ್ದು ಈ ತನ್ಮಯತೆಯೇ. ಅದು ಸಡಿಲಿದ ಕಡೆ ಉಳಿಯುವುದು ಬಿಳಿಯ ಬಣ್ಣವೂ ತೆರೆದ ಬಾಯಿಯೂ ಮಾತ್ರ. ಇಂತಹ ಪ್ರಯೋಗಗಳಿಗೆ ಈಗ ಕೊರತೆಯಿಲ್ಲ. 1975ರಲ್ಲಿ ಅಮಗತ್ಸು ಉಷಿಯೋ ಸ್ಥಾಪಿಸಿದ ಸಂಕಾಯ್ ಜುಕು ತಂಡದಲ್ಲಿ ಅಕಿತದ ಕೆಸರು ಅಮೃತಶಿಲೆಯಾಗಿದೆ. ನೋಡಲು ರಮ್ಯ, ಮುಟ್ಟಲು ತಣ್ಣಗೆ.

ಓನೋ ಕಜುಓವಿನ (1906–2010) ಮಾರ್ಗವು ಬೇರೆ. ಹಿಜಿಕಾತನು ರೂಪದಿಂದ ಪ್ರಾಣಕ್ಕೆ ಹೋದರೆ ಈತನು ಪ್ರಾಣದಿಂದ ರೂಪಕ್ಕೆ ಬಂದನು. ಕ್ರೈಸ್ತನೂ ಯುದ್ಧದಲ್ಲಿ ಸೈನಿಕನೂ ಆಗಿದ್ದ ಈತನು 1929ರಲ್ಲಿ ಟೋಕಿಯೋದಲ್ಲಿ ಕಂಡ ‘ಲಾ ಅರ್ಹೆಂತೀನಾ’ ಎಂಬ ಸ್ಪ್ಯಾನಿಷ್ ನರ್ತಕಿಯನ್ನು 1977ರಲ್ಲಿ, ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಸ್ತ್ರೀವೇಷವನ್ನು ಧರಿಸಿ ಸ್ಮರಿಸಿದನು. ಆ ಪ್ರಯೋಗಕ್ಕೆ ನಿರ್ದೇಶಕನು ಹಿಜಿಕಾತನೇ. ಸುಕ್ಕುಗಟ್ಟಿದ ದೇಹದಲ್ಲಿ ಶೃಂಗಾರವು ಹಾಸ್ಯಾಸ್ಪದವಾಗಬಹುದಾಗಿದ್ದಿತು; ಆಗಲಿಲ್ಲ. ಮುಂದೆ ನಿಲ್ಲುವ ಶಕ್ತಿ ಉಡುಗಿದ ಮೇಲೂ ಆತನು ಕುರ್ಚಿಯಲ್ಲಿ ಕುಳಿತು ಕೈಗಳೆರಡರಿಂದಲೇ ನರ್ತಿಸಿದನು.