ಆರನೆಯ ಮಗನ ವಾದ: ವಿನೋಬಾ ಪಾದಯಾತ್ರೆಯ ಮರುಪರೀಕ್ಷೆ

ವಿನೋಬಾ ಭಾವೆಯವರು 1951ರಿಂದ 1964ರವರೆಗೆ ದೇಶದ ಉದ್ದಗಲಕ್ಕೂ ನಡೆಸಿದ ಭೂದಾನ ಪಾದಯಾತ್ರೆಯ ಬಗ್ಗೆ ಎರಡು ತೀರ್ಪುಗಳು ಬೇರೂರಿವೆ. ಎಕರೆಗಳ ಲೆಕ್ಕ ಹಿಡಿದವರು 5 ಕೋಟಿ ಎಕರೆಯ ಗುರಿಗೂ ದಾನವಾಗಿ ಬಂದ 40 ಲಕ್ಷಕ್ಕೂ ಹೆಚ್ಚು ಎಕರೆಗೂ ನಡುವಿನ ಅಂತರವನ್ನು ತೋರಿಸಿ ಅದು ಸೋತಿತೆನ್ನುತ್ತಾರೆ; ಭಕ್ತಿಯಿಂದ ನೋಡುವವರು ಭೂಮಿ ನೆಪಮಾತ್ರವಾಗಿತ್ತು, ಹೃದಯ ಪರಿವರ್ತನೆಯೇ ನಿಜವಾದ ಗುರಿಯಾಗಿತ್ತು ಎಂದು ಉತ್ತರಿಸುತ್ತಾರೆ. ಆದರೆ ಈ ನಡಿಗೆಯು ಭಾರತದ ಹಳ್ಳಿಗರನ್ನು ಮುಖಾಮುಖಿ ಕಂಡು ಅವರ ಮಾತು ಕೇಳಿತೆಂಬುದನ್ನು ಎರಡೂ ಪಕ್ಷಗಳು ಪರೀಕ್ಷೆಯಿಲ್ಲದೆ ಒಪ್ಪಿಕೊಂಡಿವೆ. ಅರ್ಹತೆಗಿಂತ ಹೆಚ್ಚಿನ ಕೀರ್ತಿ ಸಂದಿರುವುದು ಈ ನಂಬಿಕೆಗೇ.

ತೆಲಂಗಾಣದ ಸಶಸ್ತ್ರ ರೈತ ಹೋರಾಟದ ಹಿನ್ನೆಲೆ ಎಲ್ಲರಿಗೂ ತಿಳಿದದ್ದೇ. 1951ರ ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ನಡೆದದ್ದರ ಕ್ರಮವನ್ನು ಮಾತ್ರ ನಿಧಾನವಾಗಿ ಗಮನಿಸಬೇಕು. ಅಂದು ಊರಿನ ದಲಿತ ಕುಟುಂಬಗಳು ತಮಗೆ 80 ಎಕರೆ ಬೇಕು, ಅದರಲ್ಲಿ ಅರ್ಧ ತರಿ, ಅಂದರೆ ನೀರಾವರಿಯ ಜಮೀನು, ಉಳಿದರ್ಧ ಖುಷ್ಕಿ, ಅಂದರೆ ಮಳೆಯನ್ನು ನಂಬಿದ ಜಮೀನು ಆಗಿರಬೇಕು ಎಂದು ಕೇಳಿದವು. ವಿನೋಬಾ ಆ ಬೇಡಿಕೆಯನ್ನು ಸಭೆಯ ಮುಂದಿಟ್ಟಾಗ ಜಮೀನುದಾರರಾದ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುವುದಾಗಿ ಹೇಳಿದರು. ಚರಿತ್ರೆ ದಾನಿಯ ಔದಾರ್ಯವನ್ನು ನೆನಪಿನಲ್ಲಿ ಉಳಿಸಿಕೊಂಡಿತಾದರೂ, ಆ ಔದಾರ್ಯಕ್ಕೆ ಆಕಾರ ಕೊಟ್ಟದ್ದು ಕೇಳಿದವರ ಖಚಿತತೆ. ಎಷ್ಟು ಜಮೀನು, ಎಂಥ ಜಮೀನು ಎಂಬುದನ್ನು ಅಂದು ನಿರ್ಧರಿಸಿದವರು ಕೂಲಿಯವರೇ.

ಮುಂದೆ ಯಾತ್ರೆ ರೂಢಿಸಿಕೊಂಡ ವಿಧಾನದಲ್ಲಿ ಈ ಕ್ರಮ ತಲೆಕೆಳಗಾಯಿತು. ಐದು ಮಕ್ಕಳುಳ್ಳ ಭೂಮಾಲೀಕನು ತನ್ನನ್ನು ಆರನೆಯ ಮಗನೆಂದು ತಿಳಿದು ಆರನೆಯ ಒಂದು ಪಾಲನ್ನು ದರಿದ್ರನಾರಾಯಣನಿಗೆ ಕೊಡಬೇಕೆಂಬುದು ವಿನೋಬಾ ಊರೂರಿನಲ್ಲಿ ಮಂಡಿಸಿದ ವಾದ. ಭೂಹಂಚಿಕೆಯ ಪ್ರಶ್ನೆಯನ್ನು ಹಗೆತನದಿಂದ ಬಿಡಿಸಿ ಮನೆಯೊಳಗಿನ ಪಾಲಿನ ಪ್ರಶ್ನೆಯಾಗಿ ಮಾಡಿದ್ದು ಅದರ ಬಲ. ಭಿಕ್ಷೆಯನ್ನಲ್ಲ, ನ್ಯಾಯವಾದ ಪಾಲನ್ನು ಕೇಳುತ್ತಿರುವುದಾಗಿ ವಿನೋಬಾ ಒತ್ತಿ ಹೇಳಿದ್ದೂ ಈ ತರ್ಕಕ್ಕೆ ಹೊಂದುತ್ತದೆ. ಆದರೆ ಮಗನ ಸ್ಥಾನ ದೊರೆತದ್ದು ಊರಿನ ಕೂಲಿಯವನಿಗಲ್ಲ, ಅವನ ಪರವಾಗಿ ಬಂದ ಸಂತನಿಗೆ. ಪಾಲು ಕೇಳುವವನೂ ಅವನೇ, ಪಾಲಿನ ಪ್ರಮಾಣ ಗೊತ್ತುಮಾಡುವವನೂ ಅವನೇ, ಕೃತಜ್ಞತೆಯಿಂದ ಅದನ್ನು ಸ್ವೀಕರಿಸುವವನೂ ಅವನೇ. ಹೀಗೆ ಪೋಚಂಪಲ್ಲಿಯಲ್ಲಿ ಬಾಯಿಬಿಟ್ಟು ಕೇಳಿದ್ದ ಭೂಹೀನನು ಈ ವಾದದೊಳಗೆ ಕರ್ತೃವಾಗಿ ಉಳಿಯದೆ, ಬೇರೆಯವರ ಬಾಯಲ್ಲಿ ಬರುವ ಹೆಸರಾದನು.

ಹಂಚಿಕೆಯ ನಿಯಮಗಳಲ್ಲಿ ಭೂಹೀನರಿಗೆ ದನಿಯಿತ್ತೆಂದು ಸರ್ವೋದಯದವರು ಆಕ್ಷೇಪಿಸಬಹುದು. ಅದು ನಿಜ: ಯಾರಿಗೆ ಜಮೀನು ಸಲ್ಲಬೇಕೆಂಬುದನ್ನು ಗ್ರಾಮಸಭೆಯಲ್ಲಿ ಭೂಹೀನರೇ ಸೇರಿ ಒಮ್ಮತದಿಂದ ತೀರ್ಮಾನಿಸಬೇಕಿತ್ತು, ಮತ್ತು ಇದು ಸಣ್ಣ ಸಾಧನೆಯಲ್ಲ. ಆದರೆ ಯಾವ ಜಮೀನು ಬರಬೇಕೆಂಬ ಪ್ರಶ್ನೆ ಅವರ ಕೈಗೆ ಸಿಗಲಿಲ್ಲ. ಅದು ದಾನಿಯ ಆಯ್ಕೆಯಾಗಿಯೇ ಉಳಿದುದರಿಂದ ಕಲ್ಲುಭೂಮಿಯೂ ವ್ಯಾಜ್ಯದ ಭೂಮಿಯೂ ದಾನಪತ್ರಗಳಲ್ಲಿ ಸೇರಿಕೊಂಡವು. ನಡಿಗೆಯ ವೇಗವೂ ಈ ಕೊರತೆಯನ್ನು ಹೆಚ್ಚಿಸಿತು. ನಸುಕಿನಲ್ಲಿ ಹೊರಟು, ಮುಂದಿನ ಊರಿನಲ್ಲಿ ಪ್ರಾರ್ಥನಾಸಭೆ ನಡೆಸಿ, ಮರುದಿನ ಮತ್ತೆ ಹೊರಡುವ ಯಾತ್ರಿಕನಿಗೆ ದಾನ ಘೋಷಿಸುವ ಮಾಲೀಕನ ಮುಖ ಕಾಣುತ್ತದೆ; ಆದರೆ ಹದ್ದುಬಸ್ತು, ಪೋಡಿ, ಖಾತೆ ಬದಲಾವಣೆ, ಅಂದರೆ ಗಡಿ ಗುರುತಿಸಿ, ಜಮೀನನ್ನು ವಿಭಾಗಿಸಿ, ದಾಖಲೆಯಲ್ಲಿ ಹೆಸರು ಬರೆಸುವ ದೀರ್ಘ ಕೆಲಸದಲ್ಲಿ ಅಲೆಯುವ ಕೂಲಿಯವನ ಮುಖ ಕಾಣುವುದಿಲ್ಲ.

ಎಕರೆ ಲೆಕ್ಕದ ವಿಮರ್ಶಕರು ಎಡವುವುದು ಇಲ್ಲಿಯೇ. ಅವರು ಕೊರತೆಯನ್ನು ಫಲಿತಾಂಶದಲ್ಲಿ ಕಂಡರೇ ಹೊರತು ವಿಧಾನದಲ್ಲಿ ಕಾಣಲಿಲ್ಲ. ಆದ್ದರಿಂದ ಇನ್ನಷ್ಟು ಎಕರೆ ಬಂದಿದ್ದರೆ ಅವರ ಆಕ್ಷೇಪವೇ ಕರಗಿಹೋಗುತ್ತಿತ್ತು. ಭಕ್ತವಿಮರ್ಶಕರ ತಪ್ಪು ಇದಕ್ಕಿಂತ ದೊಡ್ಡದು. ಹೃದಯ ಪರಿವರ್ತನೆಯೇ ಅಳತೆಗೋಲು ಎಂದಾಗ ಪರೀಕ್ಷೆಗೊಳಗಾಗುವುದು ಉಳ್ಳವನ ಹೃದಯ ಮಾತ್ರ. ಇಲ್ಲದವನು ಆ ನೈತಿಕ ನಾಟಕದ ಪ್ರೇಕ್ಷಕನಾಗುತ್ತಾನೆ. ನೆಹರೂ ಅವರಿಂದ ಇ.ಎಂ.ಎಸ್. ನಂಬೂದಿರಿಪಾಡ್ ಅವರವರೆಗೆ ಭಿನ್ನ ಪಕ್ಷಗಳ ನಾಯಕರು 1957ರಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಸೇರಿ ಗ್ರಾಮದಾನವನ್ನು, ಅಂದರೆ ಊರಿನ ಭೂಮಿಯ ಒಡೆತನವನ್ನು ಊರಿಗೇ ಒಪ್ಪಿಸುವ ಕ್ರಮವನ್ನು, ಮೆಚ್ಚಿದ್ದನ್ನು ಈ ಪಂಥದವರು ಚಳವಳಿಯ ಶಿಖರವೆನ್ನುತ್ತಾರೆ. ನಾಯಕರ ಸಮ್ಮತಿಯನ್ನು ಜನರ ಭೇಟಿಯ ಪುರಾವೆಯಾಗಿ ಮುಂದಿಡುವುದು ಆ ಭೇಟಿಯ ಬಡತನವನ್ನೇ ತೋರಿಸುತ್ತದೆ.

ಪೋಚಂಪಲ್ಲಿಯ ವರ್ಷದಲ್ಲಿಯೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಧಣಿಗಳು ಗೇಣಿಭತ್ತ ಅಳೆಯಲು ಬಳಸುತ್ತಿದ್ದ ಕೊಳಗದ ಗಾತ್ರವನ್ನು ಪ್ರಶ್ನಿಸಿ ಸತ್ಯಾಗ್ರಹ ಹೂಡಿದರು. ಅಲ್ಲಿ ಅನ್ಯಾಯವನ್ನು ಹೆಸರಿಸಿದವರು ಅದನ್ನು ಅನುಭವಿಸಿದವರೇ. ಕರ್ನಾಟಕದಲ್ಲಿ 1974ರ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗಳ ಮುಂದೆ ಗೇಣಿದಾರರು ತಮ್ಮದೇ ಹೆಸರಿನಲ್ಲಿ ಅರ್ಜಿ ಹಾಕಿ ನಿಂತದ್ದೂ ಇದೇ ಬಗೆಯದು. ಆದರೆ ಆ ಶಾಸನ ಮುಖ್ಯವಾಗಿ ಮುಟ್ಟಿದ್ದು ಗೇಣಿದಾರನನ್ನು. ಗೇಣಿಯೂ ಇಲ್ಲದ ಕೃಷಿಕೂಲಿ, ಅಂದರೆ ಪೋಚಂಪಲ್ಲಿಯಲ್ಲಿ ಬೇಡಿಕೆಯಿಟ್ಟಂಥವನು, ಅದರ ಹೊರಗೇ ಉಳಿದನು.

ಪಾದಯಾತ್ರೆಯ ಹಿರಿಮೆಯೂ ಅದರ ಮೇಲಿನ ಆರೋಪದ ತೂಕವೂ ಒಟ್ಟಿಗೆ ಸ್ಪಷ್ಟವಾಗುವುದು ಇಲ್ಲಿ. ರಕ್ತಪಾತವಿಲ್ಲದೆ ಲಕ್ಷಾಂತರ ಎಕರೆ ಕೈಬದಲಾಯಿಸಿದ್ದು, ಅಧಿಕಾರದ ಆಸರೆಯಿಲ್ಲದ ವೃದ್ಧರೊಬ್ಬರು ಭೂಮಿಯ ಪ್ರಶ್ನೆಯನ್ನು ದೇಶದ ಅಂತಃಕರಣದ ಮುಂದೆ ನಿಲ್ಲಿಸಿದ್ದು ಗೌರವಕ್ಕೆ ಅರ್ಹವೇ. ಆದರೆ ಕಾನೂನು ತಲುಪದಿದ್ದ ಕೂಲಿಯವನ ಕೇರಿಯನ್ನು ನಡೆದೇ ತಲುಪಿದ ಚಳವಳಿ, ಅವನಿಗೆ ಏನು ಬೇಕೆಂದು ಪೋಚಂಪಲ್ಲಿಯಲ್ಲಿ ಕೇಳಿದಂತೆ ಪ್ರತಿ ಊರಿನಲ್ಲಿಯೂ ಕೇಳಿ, ಆ ಉತ್ತರಕ್ಕೆ ಮಾಲೀಕನನ್ನು ಹೊಣೆಯಾಗಿಸಬೇಕಿತ್ತು. ಜನರನ್ನು ಕಾಣಲೆಂದು ಕೈಗೊಳ್ಳುವ ಯಾವುದೇ ಪಾದಯಾತ್ರೆಯನ್ನು ಅದು ಕ್ರಮಿಸಿದ ದೂರದಿಂದಾಗಲಿ ಪಡೆದ ದಾನದಿಂದಾಗಲಿ ಅಳೆಯದೆ, ಎದುರಾದವರ ಮಾತು ಅದರ ಮುಂದಿನ ನಡೆಯನ್ನು ಎಷ್ಟರಮಟ್ಟಿಗೆ ನಿರ್ಧರಿಸಿತೆಂಬುದರಿಂದ ಅಳೆಯಬೇಕು. ಆ ಪರೀಕ್ಷೆಯಲ್ಲಿ ಭೂದಾನ ಯಾತ್ರೆ ತನ್ನ ಮೊದಲ ದಿನದ ಎತ್ತರವನ್ನು ಮತ್ತೆ ಮುಟ್ಟಲಿಲ್ಲ.