ಒಲ್ಲೆ ಅನ್ನೋ ಹಕ್ಕು ಯಾರಿಗೈತಿ?

ಪುರಾಣಗಳೇ ಮನಸ್ಸಿನ ಮದ್ದು ಎಂಬ ಮಾತು ನಮ್ಮ ಸಾಹಿತ್ಯ ವಿಮರ್ಶೆಯೊಳಗೆ ಬಹಳ ದಿನದಿಂದ ಮರ್ಯಾದೆ ಪಡೆದುಕೊಂಡು ಕೂತಿದೆ. ಇದರ ಬೇರು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್‌ನಲ್ಲಿದೆ. ಮನುಷ್ಯಕುಲದ ಮನದಾಳದಲ್ಲಿ ಮಹಾಮಾತೆ, ಜ್ಞಾನವೃದ್ಧ, ನೆರಳು ಮುಂತಾದ ಆದಿಮ ಅಚ್ಚುಗಳಿವೆ, ಕನಸಾಗಿ ಕತೆಯಾಗಿ ದೇವರಾಗಿ ಮೇಲೆದ್ದು ಬರುವುದು ಅವೇ ಎಂದು ಆತ ಹೇಳಿದ. ಇವನ್ನು ಮೂಲಪ್ರತಿಮೆ ಎನ್ನೋಣ. ಅಮೆರಿಕದ ಜೇಮ್ಸ್ ಹಿಲ್‌ಮನ್ 1970ರ ದಶಕದಲ್ಲಿ ಈ ವಿಚಾರವನ್ನು ಮುಂದೊಯ್ದು ಮೂಲಪ್ರತಿಮೆಗಳ ಮನಶ್ಶಾಸ್ತ್ರ ಕಟ್ಟಿದ. ರೋಗವನ್ನು ಕಿತ್ತೆಸೆಯುವ ಮುಂಚೆ ಅದರೊಳಗೆ ಯಾವ ದೈವ ಮಾತಾಡುತ್ತಿದೆ ಕೇಳಿಸಿಕೊಳ್ಳಿ, ಪ್ರತಿಮೆಯ ಜೊತೆ ಬಾಳುವುದನ್ನು ಕಲಿತರೆ ಆತ್ಮಕ್ಕೆ ಬಲ ಬರುತ್ತದೆ ಎಂಬುದು ಅವನ ವಾದದ ಸಾರ.

ಇದನ್ನು ನಾವು ಪೂರ್ತಿ ತಳ್ಳಿಹಾಕುವವರಲ್ಲ. ಅಳು ಹಾಡಾದಾಗ ಎದೆ ಹಗುರಾಗುತ್ತದೆ ಎಂಬುದನ್ನು ಚೌಡಿಕೆ ಕೇಳಿ ಬೆಳೆದ ನಮ್ಮ ಕೇರಿಗಳಿಗೆ ಯೂಂಗ್ ಬಂದು ಕಲಿಸಬೇಕಾಗಿಲ್ಲ. ನಮ್ಮ ಪ್ರಶ್ನೆ ಬೇರೆ. ಎಲ್ಲರ ಮನದಲ್ಲೂ ಇದೆ ಎನ್ನುವ ಈ ಪ್ರತಿಮೆಯನ್ನು ಮೈಮ್ಯಾಲೆ ಹೊರುವ ಕೆಲಸ ಯಾರಿಗೆ ಬಿತ್ತು? ನನಗ ಬ್ಯಾಡ ಅನ್ನುವ ಹಕ್ಕು ಯಾರಿಗಿತ್ತು? ವಿಜಯಪುರ ಸೀಮೆಯಲ್ಲೇ ನಿಂತು ಎರಡು ನಿದರ್ಶನ ನೋಡೋಣ.

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದವರು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು. ಜೇಬಿಲ್ಲದ ಬಿಳಿ ಅಂಗಿ, ಮೆಲ್ಲನೆ ಮಾತು. ಸಾಲ, ಬರ, ಮನೆ ಜಗಳದಿಂದ ಬೆಂದ ಮಂದಿ ನಸುಕಿನಲ್ಲಿ ಬಂದು ಅವರ ಪ್ರವಚನ ಕೇಳಿ ಸಮಾಧಾನ ಪಟ್ಟುಕೊಂಡು ಹೋದರು. ಅವರನ್ನು ಹಂಗಿಸುವ ಉದ್ದೇಶ ನಮಗಿಲ್ಲ. ಯೂಂಗ್ ಹೇಳುವ ಜ್ಞಾನವೃದ್ಧನ ಪ್ರತಿಮೆಯನ್ನೇ ಜನ ಅವರಲ್ಲಿ ಕಂಡರು, ನಡೆದಾಡುವ ದೇವರು ಎಂದರು. ಇಂಥ ಪ್ರತಿಮೆ ತಲೆಗೇರಿದರೆ ಮನುಷ್ಯ ಉಬ್ಬಿ ಕೆಡುತ್ತಾನೆ ಎಂಬ ಎಚ್ಚರಿಕೆಯೂ ಯೂಂಗ್‌ನದೇ. ಸ್ವಾಮಿಗಳು ಮಾಡಿದ್ದೇನು? 2018ರಲ್ಲಿ ಪದ್ಮಶ್ರೀ ಬಂದಾಗ ಒಲ್ಲೆ ಎಂದರು. ನನ್ನ ದೇಹವನ್ನು ಹೂಳಬೇಡಿ, ಸುಡಿರಿ, ಸ್ಮಾರಕ ಕಟ್ಟಬೇಡಿ ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ತೀರಿಕೊಂಡಾಗ ಹಾಗೇ ನಡೆಯಿತು. ಸ್ವಾಮಿಗಳು ಸತ್ತ ಕಡೆಯೆಲ್ಲ ಗದ್ದುಗೆ ಏಳುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಜನ ಹೊರಿಸಿದ ಪ್ರತಿಮೆಯನ್ನು ಕೆಳಗಿಳಿಸಿ ಹೋದ ಮನುಷ್ಯ ಎಂದು ನಾವು ಅವರನ್ನು ಓದುತ್ತೇವೆ.

ಯೂಂಗ್ ಕೂಡ ಹೀಗೊಂದು ಒಲ್ಲೆ ಹೇಳಿದವನು. 1937-38ರಲ್ಲಿ ಭಾರತ ಸುತ್ತಿದಾಗ ಆತ ಬೇಕಂತಲೇ ಸಂತರ ಮುಂದೆ ಹೋಗಿ ನಿಲ್ಲಲಿಲ್ಲ, ರಮಣ ಮಹರ್ಷಿಗಳನ್ನೂ ಕಾಣಲಿಲ್ಲ. ನನ್ನ ಸತ್ಯ ನನಗೇ ಸಿಗಬೇಕು ಎಂಬುದು ಅವನ ಹಟ. ಇಬ್ಬರಿಗೂ ಬ್ಯಾಡ ಅನ್ನುವ ಬಿಡುವು ಇತ್ತು.

ಈಗ ಇದೇ ಸೀಮೆಯ ಇನ್ನೊಂದು ಕೊನೆಗೆ ಬರೋಣ. ಮನೆಯಲ್ಲಿ ಯಾರಿಗೋ ವಾಸಿಯಾಗದ ಬೇನೆ. ಅಥವಾ ಎಣ್ಣೆ, ಬಾಚಣಿಕೆ, ಸಾಕಷ್ಟು ನೀರು ಕಾಣದೆ ಹುಡುಗಿಯ ಕೂದಲು ಗಂಟುಕಟ್ಟಿ ಜಡೆಯಾಗಿದೆ. 'ಸವದತ್ತಿ ಎಲ್ಲವ್ವ ಕರದಾಳ' ಎನ್ನುತ್ತಾರೆ. ಮನೆಯ ಬೇನೆ ಹೋಗಲೆಂದು ಇನ್ನೂ ಮೈನೆರೆಯದ ಹುಡುಗಿಗೆ ಮುತ್ತು ಕಟ್ಟುತ್ತಾರೆ. ಇದೂ ಚಿಕಿತ್ಸೆಯೇ! ಮನಸ್ಸು, ಮೈ, ಆತ್ಮ ಮೂರಕ್ಕೂ ಒಂದೇ ಮದ್ದು. ಆದರೆ ರೋಗ ಒಬ್ಬರದು, ಮದ್ದಿನ ಕಹಿ ಇನ್ನೊಬ್ಬರದು. ಬಿಜಾಪುರ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ಇದನ್ನು ತಡೆಯುವ ಕಾನೂನು ಬಂತು. ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ಆಮೇಲೆಯೂ ಸರ್ಕಾರದ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಒಟ್ಟು 46 ಸಾವಿರಕ್ಕೂ ಹೆಚ್ಚು ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಇವರಲ್ಲಿ ಬಹುಪಾಲು ನಮ್ಮ ಕೇರಿಯ ಹೆಣ್ಣುಮಕ್ಕಳು. ಮಹಾಮಾತೆಯ ಪ್ರತಿಮೆ ಎಲ್ಲ ಜಾತಿಯವರ ಮನದಾಳದಲ್ಲೂ ಇದ್ದರೆ, ಮುತ್ತು ಮಾತ್ರ ದಲಿತ ಹುಡುಗಿಯ ಕೊರಳನ್ನೇ ಯಾಕ ಹುಡುಕಿಕೊಂಡು ಬಂತು?

ಕತೆಯನ್ನೇ ನೋಡಿ. ಪರಶುರಾಮ ತಾಯಿಯ ತಲೆ ಕಡಿದ. ಮತ್ತೆ ಜೀವ ಬರುವಾಗ ರೇಣುಕೆಯ ತಲೆ ಅಸ್ಪೃಶ್ಯ ಹೆಣ್ಣೊಬ್ಬಳ ಮುಂಡಕ್ಕೆ ಕೂಡಿತು ಎಂದು ದಕ್ಷಿಣದ ಹಲವು ಕಥನಗಳು ಹೇಳುತ್ತವೆ. ಪ್ರತಿಮೆ ಹುಡುಕುವ ವಿಮರ್ಶಕ ಇದನ್ನು ವಿರುದ್ಧಗಳ ಸಂಗಮ ಎಂದು ಮೆಚ್ಚಿಕೊಳ್ಳಬಹುದು. ನಮಗೆ ಕಾಣುವುದು ಇಷ್ಟು: ತಲೆ ಮೇಲಿನವರದು, ಮೈ ಕೇರಿಯದು. ಪೂಜೆ ತಲೆಗೆ, ಬಳಕೆ ಮೈಗೆ. ರಂಡೆ ಹುಣ್ಣಿಮೆಗೆ ಒಡೆದ ಬಳೆ ಎಲ್ಲವ್ವನಿಗೆ ಮುತ್ತೈದೆ ಹುಣ್ಣಿಮೆಗೆ ಮರಳಿ ಬರುತ್ತದೆ. ಜೋಗತಿಯ ಒಡೆದ ಬಾಳಿಗೆ ಅಂಥ ಹುಣ್ಣಿಮೆ ಯಾವುದು? ದೇವಿ ಮೈದುಂಬಿದಾಗ ಕಾಲಿಗೆ ಬೀಳುವ ಗೌಡ, ಮರುದಿನ ಅವಳ ಕೈಯ ನೀರು ಕುಡಿಯುವುದಿಲ್ಲ. ಪ್ರತಿಮೆ ಅವಳಿಗೆ ಒಂದು ಗಳಿಗೆಯ ದನಿ ಕೊಟ್ಟಿತು, ಹೌದು. ಉಳಿದ ದಿನದ ದನಿಯನ್ನು ಕಸಿದುಕೊಂಡಿತು.

ಹಿಲ್‌ಮನ್‌ನನ್ನು ಹೊಗಳುವವರು ಅವನ ಕೊನೆಯ ಕಾಲದ ಮಾತನ್ನು ಮರೆಮಾಚುತ್ತಾರೆ. 1992ರಲ್ಲಿ ಮೈಕೆಲ್ ವೆಂಚುರಾ ಜೊತೆ ಮಾಡಿದ ಪುಸ್ತಕದಲ್ಲಿ ಆತ ತನ್ನ ಕಸುಬನ್ನೇ ತರಾಟೆಗೆ ತೆಗೆದುಕೊಂಡ. ನೂರು ವರ್ಷ ಮನಸ್ಸಿನ ಒಳಗನ್ನೇ ತೋಡುತ್ತ ಕೂತೆವು, ಹೊರಗಿನ ಜಗತ್ತು ಕೆಡುತ್ತಲೇ ಹೋಯಿತು, ರೋಗ ಬೀದಿಯಲ್ಲೂ ಕಟ್ಟಡದಲ್ಲೂ ರಾಜಕಾರಣದಲ್ಲೂ ಇದೆ ಎಂಬುದು ಅಲ್ಲಿಯ ತಕರಾರು. ಇದಕ್ಕೆ ನಾವು ನಮ್ಮ ನಾಡಿನ ಹೆಸರನ್ನು ಸೇರಿಸುತ್ತೇವೆ: ಜಾತಿ. ಊರ ಬಾವಿಯಿಂದ ದೂರ ನಿಂತ ಮೈಗೆ ಬಂದ ರೋಗವನ್ನು ಒಳಗಿನ ದೈವ ಒಂದೇ ಬಗೆಹರಿಸುವುದಿಲ್ಲ.

ಹಾಗಾದರೆ ದಾರಿ? ದೇಶಕ್ಕೇ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊಳೆತದ್ದು 1980ರ ದಶಕದಲ್ಲಿ, ನಮ್ಮದೇ ಬಳ್ಳಾರಿಯಲ್ಲಿ. ಸರ್ಕಾರದ ಆಸ್ಪತ್ರೆಯಲ್ಲಿ ಮನಸ್ಸಿಗೆ ಚಿಕಿತ್ಸೆ ಪಡೆಯುವುದು 2017ರ ಕಾಯ್ದೆಯಿಂದ ಹಕ್ಕಾಗಿದೆ. ಹಳ್ಳಿಯ ಮೇಷ್ಟರು, ವಿದ್ಯಾರ್ಥಿಗಳು ಇದನ್ನು ಕೇರಿ ಕೇರಿಗೆ ಹೇಳಬೇಕು. ಜಡೆ ಬಂದ ಹುಡುಗಿಯ ಮನೆಗೆ ಹೋಗಿ ಕೂತು, ಅವಳವ್ವನ ಅಂಜಿಕೆಯನ್ನು ಪೂರ್ತಿ ಕೇಳಿ, ಆಮೇಲೆ ಆ ಕೂದಲು ಕತ್ತರಿಸಬೇಕು. ಅಂಜಿಕೆ ಕೇಳದೆ ಬರೀ ಕತ್ತರಿ ಹಿಡಿದು ಹೋದರೆ ಕೆಲಸ ಕೆಡುತ್ತದೆ. ಇಷ್ಟನ್ನು ಮೂಲಪ್ರತಿಮೆಗಳ ಮನಶ್ಶಾಸ್ತ್ರದಿಂದ ನಾವು ಕಲಿಯಬಹುದು. ಜೊತೆಗೆ ನೀರು, ಭೂಮಿ, ಶಾಲೆ ಬೇಕು.

ಪ್ರತಿಮೆಗಳು ಇರಲಿ, ಹಾಡು ಇರಲಿ. ಆದರೆ ಬಿಜ್ಜರಗಿಯ ಸ್ವಾಮಿಗಳು ಹೇಳಿದ ಆ ಒಲ್ಲೆ ಎಂಬ ಮಾತನ್ನು ನಮ್ಮ ಹುಡುಗಿಯೂ ಅಂಜದೆ ಹೇಳುವಂತಾಗಬೇಕು. ಅಲ್ಲೀತನಕ ಈ ನಾಡಿನ ಮನಸ್ಸು ವಾಸಿಯಾಯಿತೆಂದು ನಾವು ಒಪ್ಪುವುದಿಲ್ಲ.