ಹೆದರಿಸುವ ಕಥೆ ಹೆದರಿಸಲಿ

ಕನ್ನಡದಲ್ಲಿ ಮಕ್ಕಳಿಗಾಗಿ ರೂಪಾಂತರಗೊಂಡ ಭಯದ ಕಥೆಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಎನ್ನುತ್ತೇನೆ. ಶಾಲಾ ವಾರ್ಷಿಕೋತ್ಸವಗಳಲ್ಲಿ ಇಲಿವೇಷದ ಚಿಣ್ಣರನ್ನು ಕುಣಿಸಿ ಕುಣಿಸಿ ಅದನ್ನು ನಾವು ತಮಾಷೆಯ ಪದ್ಯ ಮಾಡಿಬಿಟ್ಟಿದ್ದೇವೆ. ಒಂದು ಊರಿನ ಮಕ್ಕಳನ್ನು ಬೆಟ್ಟ ನುಂಗಿಹಾಕುವ ಕಥೆ ಅದು. ದೊಡ್ಡವರು ಕೊಟ್ಟ ಮಾತಿಗೆ ತಪ್ಪಿದರು, ಬೆಲೆ ತೆತ್ತವರು ಮಕ್ಕಳು. ಇದಕ್ಕಿಂತ ಭಯಾನಕವಾದದ್ದು ಏನಿದೆ?

ಹ್ಯಾಮೆಲಿನ್ ಪಟ್ಟಣದ ಈ ದಂತಕಥೆಯನ್ನು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪದ್ಯವಾಗಿ ಪ್ರಕಟಿಸಿದ. ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದರು. ಮೇಯರ್ ಹೋಗಿ ಗೌಡ ಬಂದ, ಪೀಪಿಯವನು ಹೋಗಿ ಜೋಗಿ ಬಂದ. ಆದರೆ ಮಕ್ಕಳು ಹೋದದ್ದು ಹೋದದ್ದೇ. ಎಳೆಯರಿಗೆ ಬರೆಯುತ್ತಿದ್ದೇನೆಂದು ಅವರು ಅದನ್ನು ಮೆತ್ತಗೆ ಮಾಡಲಿಲ್ಲ. ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ನಮ್ಮ ಹರಿಹರದ ಕಡೆಗೇ ಹರಿದು ಬರುತ್ತದೆ. ಆ ಇಲಿಗಳೆಲ್ಲ ಮುಳುಗಿದ ನೀರು ಇಲ್ಲಿಗೇ ಬರಬೇಕಲ್ಲ ಎಂದು ಹರಿಹರದ ಬಳಿಯ ಸಾರಥಿ ಹಳ್ಳಿಯ ಹುಡುಗರಿಗೆ ಹೇಳಿ ನೋಡಿ, ಪದ್ಯ ಅವರಿಗೆ ಬೇರೆಯೇ ಆಗಿ ಕೇಳಿಸುತ್ತದೆ.

ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ದ ಬೇತಾಳನ ದಾರಿ ಬೇರೆ. ಹನ್ನೊಂದನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದು. ಪತ್ರಿಕೆ ಅದೇ ಚೌಕಟ್ಟಿನೊಳಗೆ ಹೊಸ ಹೊಸ ಕಥೆ ಹೆಣೆದು ದಶಕಗಟ್ಟಲೆ ಓಡಿಸಿತು. ಪ್ರತಿ ತಿಂಗಳೂ ಅದೇ ಆರಂಭ, ಅದೇ ಒಗಟು, ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ತಲೆ ಸಿಡಿದುಹೋಗುವ ಅದೇ ಬೆದರಿಕೆ. ಒಳಗಿನ ಕಥೆಗಳಲ್ಲಿ ಬಹುಪಾಲು ನ್ಯಾಯ-ನೀತಿಯ ಪಂಚಾಯ್ತಿಯೇ, ಹೆದರಿಕೆ ಹೆಸರಿಗಷ್ಟೇ. ಭಯವನ್ನು ಉಳಿಸಿದ್ದು ಚಿತ್ರಕಾರ ಶಂಕರ್ ಅವರ ಕುಂಚ. ಒರೆಯಿಂದ ಹಿರಿದ ಕತ್ತಿ, ಹೆಗಲ ಮೇಲೆ ಜೋತುಬಿದ್ದ ಹೆಣ, ಮುಂದಕ್ಕಿಟ್ಟ ಹೆಜ್ಜೆ. ಅಕ್ಷರ ಬಾರದ ಮಗುವೂ ಆ ಪುಟದಲ್ಲಿ ನಿಲ್ಲುತ್ತಿತ್ತು. ಹೆಣ ಹೊತ್ತವನು ಬೆನ್ನು ತಿರುಗಿಸಿ ಓಡುತ್ತಿಲ್ಲ ಎಂಬುದೇ ಆ ಚಿತ್ರದ ಬಲ. ‘ಅಮರ ಚಿತ್ರ ಕಥೆ’ಯಲ್ಲಿ ಇದು ಸಿಗುವುದಿಲ್ಲ. ಅಲ್ಲಿಯ ರಾಕ್ಷಸರು ಗರಡಿಮನೆಯಿಂದ ನೇರ ಎದ್ದು ಬಂದವರು, ಸೋಲುವುದು ಮೊದಲ ಪುಟದಲ್ಲೇ ಖಾತ್ರಿ.

ಹೈಸ್ಕೂಲು ಮಕ್ಕಳಿಗೆ ನಿಜವಾದ ನಡುಕ ತಂದವರು ಪೂರ್ಣಚಂದ್ರ ತೇಜಸ್ವಿ. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳು ಅವರ ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡದವೇ ಆಗಿಹೋದವು. ನರಭಕ್ಷಕ ಕಾಣಿಸುವುದು ಕಡಿಮೆ, ಅದಕ್ಕಾಗಿ ಕಾಯುವುದೇ ಹೆಚ್ಚು.

ಈ ಕಾಯುವಿಕೆಯನ್ನೇ ಇಂದಿನ ಆಡಿಯೊ ಕಥೆಗಳು ಕಳೆದುಕೊಂಡಿವೆ. ದಾವಣಗೆರೆ ಸೀಮೆಯಲ್ಲಿ ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದ ತಲೆಮಾರೊಂದಿದೆ. ರೇಡಿಯೊ ನಾಟಕದಲ್ಲಿ ಬಾಗಿಲು ಕಿರ್ರೆಂದ ಮೇಲೆ ಒಂದು ಕ್ಷಣ ಏನೂ ಇರುತ್ತಿರಲಿಲ್ಲ, ಹೆದರಿಕೆ ಹುಟ್ಟುತ್ತಿದ್ದದ್ದು ಅಲ್ಲೇ. ಈಗ ಮೊಬೈಲಿನ ದೆವ್ವದ ಕಥೆಗಳಲ್ಲಿ ಗೆಜ್ಜೆ, ನಾಯಿಯ ಊಳು, ಗಾಳಿ, ಗಹಗಹ ನಗು ಎಲ್ಲವೂ ಒಟ್ಟಿಗೇ ಮುಗಿಬೀಳುತ್ತವೆ. ಮಗುವಿಗೆ ಹೆದರಲು ಪುರುಸೊತ್ತೇ ಇಲ್ಲ. ಇನ್ನೊಂದು ಕಡೆ, ಪೋಷಕರಿಗೆ ಅಂಜಿ ಕೊನೆಯನ್ನು ಸಿಹಿ ಮಾಡುವ ಚಾಳಿ. ಎರಡೂ ಕೇಳುವ ಮಗುವನ್ನು ನಂಬದ ಕೆಲಸ.

ಮಗುವನ್ನು ನಂಬಿ ಹೇಳಬಹುದಾದ ಕಥೆಗೆ ದೂರ ಹೋಗಬೇಕಿಲ್ಲ, ನಮ್ಮ ಹರಿಹರವನ್ನೇ ನೋಡಿ. 1224ರಲ್ಲಿ ಹೊಯ್ಸಳರ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರನ ಗುಡಿಯ ಹಿಂದೆ ಗುಹಾಸುರನ ಕಥೆಯಿದೆ. ಹರಿಯಿಂದಲೂ ಹರನಿಂದಲೂ ಸಾವಿಲ್ಲದಂತೆ ವರ ಪಡೆದವನು. ಅವನನ್ನು ಕೊಲ್ಲಲು ದೇವರಿಬ್ಬರೂ ಅರ್ಧರ್ಧ ಆಗಬೇಕಾಯಿತು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಕಾಮಿಕ್ಸ್ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಕೊನೆಯ ಪುಟ ಬೇಕೆ? ಆದರೆ ಅದಕ್ಕೆ ಮೊದಲು ಇಬ್ಬರೂ ದೇವರು ಕೈಚೆಲ್ಲಿದ ಪುಟಗಳಿರಬೇಕು, ಅಸುರನಿದ್ದ ಕತ್ತಲೆಯ ಗುಹಾರಣ್ಯ ಇರಬೇಕು. ಸ್ಥಳಪುರಾಣದ ಪುಸ್ತಿಕೆಗಳು ಅಲ್ಲಿ ನಿಲ್ಲದೆ ನೇರ ಮಂಗಳಾರತಿಗೆ ಹೋಗಿಬಿಡುತ್ತವೆ.

ಹರಿಹರ ತಾಲ್ಲೂಕಿನ ಮೇಷ್ಟ್ರು, ಮೇಡಂಗಳಲ್ಲಿ ಒಂದು ಕೋರಿಕೆ. ಗುಹಾಸುರನ ಕಥೆಯನ್ನು ಐದನೇ ಕ್ಲಾಸಿನವರ ಬಾಯಲ್ಲೇ, ಅವರ ಮನೆಮಾತಿನಲ್ಲೇ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಚಿತ್ರ ಅವರೇ ಬರೆಯಲಿ. ಹಿನ್ನೆಲೆ ಸಂಗೀತ ಮಾತ್ರ ದಯವಿಟ್ಟು ಹಾಕಬೇಡಿ.